ಮೀನುಗಳ ವಾರ್ಡಿನ ಸಿಸ್ಟರ್

ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಕಣ್ಣು ಪರೀಕ್ಷೆಗೆ ಕಾದು ಕೂತವರಿಗೆ ಹೊತ್ತು ಹೋಗಲಿ ಎಂದು ಬಾಗಿಲ ಪಕ್ಕದಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು ಮೀನು ಸಾಕಿದ್ದೇನೆ. ಒಂದು ಬೆಳಿಗ್ಗೆ, ಆಗಷ್ಟೇ ಶಟರ್ ಎತ್ತಿ ಕಸ ಗುಡಿಸುತ್ತಿದ್ದಾಗ, ಎತ್ತರದ ಹೆಂಗಸೊಬ್ಬರು ಓದುವ ಕನ್ನಡಕ ಬೇಕೆಂದು ಒಳಗೆ ಬಂದರು. ಗಂಜಿ ಹಾಕಿದ ಕಾಟನ್ ಸೀರೆ, ಬಿಗಿಯಾಗಿ ಕಟ್ಟಿದ ನರೆಗೂದಲು. ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ. ತೊಟ್ಟಿಯ ಮುಂದೆ ಬಗ್ಗಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಹಳ ಹೊತ್ತು ನೋಡುತ್ತ ನಿಂತರು.

"ಇದಕ್ಕೆ ಯಾವತ್ತಿಂದ ಹುಷಾರಿಲ್ಲ?"

"ಚೆನ್ನಾಗೇ ಇದ್ಯಲ್ಲ ಮೇಡಂ, ಎಷ್ಟು ಚುರುಕಾಗಿ ಓಡಾಡ್ತಿದೆ."

"ಓಡಾಡ್ತಿಲ್ಲ ಕಣ್ರೀ. ಕಲ್ಲಿಗೆ ಹೋಗಿ ಹೋಗಿ ಮೈ ಉಜ್ತಿದೆ. ತುರಿಕೆ ಅದಕ್ಕೆ. ರೆಕ್ಕೆ ನೋಡಿ, ಉಪ್ಪು ಉದುರಿಸಿದ ಹಾಗಿದೆ."

ನಾನೂ ಬಗ್ಗಿ ನೋಡಿದೆ. ಹೌದು, ಕಿತ್ತಳೆ ಬಣ್ಣದ ಮೈಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕಿಗಳು. ಅಯ್ಯೋ ಪಾಪ ಅಂದೆ.

"ಅಯ್ಯೋ ಪಾಪ ಅನ್ನೋದು ಔಷಧಿ ಅಲ್ಲ," ಅಂದರು. "ಕಲ್ಲುಪ್ಪು ಸಿಗುತ್ತಾ ಹತ್ರದಲ್ಲಿ? ನೀರು ಬಿಸಿ ಮಾಡೋ ಹೀಟರ್ ಇದ್ಯಾ?"

ಅವತ್ತು ಅವರು ಕನ್ನಡಕ ತೆಗೆದುಕೊಳ್ಳಲೇ ಇಲ್ಲ. ದಿನಾ ಬೆಳಿಗ್ಗೆ ಬಂದರು. ತೊಟ್ಟಿಯ ನೀರು ಸ್ವಲ್ಪ ಸ್ವಲ್ಪವೇ ಬದಲಿಸುವಂತೆ ಮಾಡಿದರು, ಬಿಸಿಯನ್ನು ನಿಧಾನವಾಗಿ ಏರಿಸಲು ಹೇಳಿದರು, ಉಪ್ಪನ್ನು ಬೇರೆ ಚೊಂಬಿನಲ್ಲಿ ಕರಗಿಸಿ ಹೊಯ್ಯಿಸಿದರು. ಮಾಡಿದ್ದೆಲ್ಲ ನನ್ನ ಕೈಯಲ್ಲೇ. ಕೆಲವು ದಿನಕ್ಕೆ ಚುಕ್ಕಿಗಳು ಮಾಯವಾದವು. ನಾನು ಖುಷಿಯಿಂದ ಹೀಟರ್ ಆರಿಸಲು ಹೋದಾಗ ಅವರ ದನಿ ಏರಿತು.

"ಚುಕ್ಕಿ ಹೋಗಿದೆ. ಕಾಯಿಲೆ ಹೋಗಿಲ್ಲ. ಉದುರಿದ ಚುಕ್ಕಿ ತಳದಲ್ಲಿ ಕೂತು ಮರಿ ಮಾಡ್ತಿರುತ್ತೆ. ಆ ಮರಿಗಳು ನೀರಿಗೆ ಬಂದಾಗ್ಲೇ ಅವನ್ನ ಸಾಯ್ಸೋಕಾಗೋದು. ನಿಲ್ಸೋದು ನಾನ್ ಹೇಳಿದಾಗ."

ಅವರು ಹೇಳಿದಾಗ ನಿಲ್ಲಿಸಿದೆ. ಒಂದು ಮೀನೂ ಸಾಯಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು, "ಈಗ ನನ್ನ ಕಣ್ಣು ನೋಡಿ," ಅಂದರು.

ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ಸಿಸ್ಟರ್. ನನಗೂ ಅಷ್ಟೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಅವರನ್ನು ಬಲ್ಲವರಲ್ಲಿ ಅರ್ಧ ಜನಕ್ಕೆ ಅದು ಯಾರೆಂದು ತಿಳಿಯಲಿಕ್ಕಿಲ್ಲ.

ಹುಟ್ಟಿ ಬೆಳೆದದ್ದು ಓಕಳಿಪುರಂನಲ್ಲಿ, ರೈಲು ಹಳಿಯ ಮಗ್ಗುಲಲ್ಲೇ. ತಂದೆ ರೈಲ್ವೆಯಲ್ಲಿ ಹಳಿ ಕೆಲಸದವರು. ಮನೆಯೊಳಗೆ ಯಾರು ಏನೇ ಮಾತಾಡುತ್ತಿರಲಿ, ರೈಲು ಬಂದರೆ ನಿಲ್ಲಿಸಬೇಕು. ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸಬೇಕು. ಸಿಸ್ಟರಿಗೆ ಈ ಅಭ್ಯಾಸ ಕೊನೆಯವರೆಗೂ ಇತ್ತು. ನನ್ನ ಅಂಗಡಿಯ ಮುಂದೆ ಲಾರಿ ಹಾರ್ನ್ ಹೊಡೆದರೆ ಬಾಯಿ ಮುಚ್ಚಿ ಕಾಯುತ್ತಿದ್ದರು. ಲಾರಿ ದಾಟಿದ ಮೇಲೆ ವಾಕ್ಯದ ಉಳಿದರ್ಧವನ್ನು ಹೇಳುತ್ತಿದ್ದರು. ದನಿ ಎತ್ತಿ ಗದ್ದಲದ ಜೊತೆ ಪೈಪೋಟಿಗೆ ಇಳಿದದ್ದನ್ನು ನಾನು ನೋಡಿಲ್ಲ.

ನಮ್ಮ ಅಂಗಡಿಯಿಂದ ಮೂರು ತಿರುವು ದಾಟಿದರೆ ಅವರ ಮನೆ. ಹಳೆಯ ಮನೆಯ ಕೆಳಗಿನ ಭಾಗ, ಮುಂದೆ ಒಂದಿಷ್ಟು ಮಣ್ಣಿನಂಗಳ, ಅದರಲ್ಲೊಂದು ನುಗ್ಗೆಮರ. ಮದುವೆಯಾಗಿರಲಿಲ್ಲ, ಜೊತೆಯಲ್ಲಿ ತಂಗಿ. ತಂಗಿ ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದವರು, ಎರಡು ಮೂತ್ರಪಿಂಡವೂ ಕೆಟ್ಟು, ಬೇರೆ ಕಿಡ್ನಿ ಹಾಕಿಸಿಕೊಂಡು, ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿದ್ದರು. ಹಾಕಿದ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲೆಂದು ಅವರಿಗೆ ಕೊಡುತ್ತಿದ್ದ ಮಾತ್ರೆಗಳು ದೇಹದ ಕಾವಲನ್ನೇ ತಗ್ಗಿಸುವಂಥವು. ನೆಗಡಿಯೂ ಅವರಿಗೆ ದೊಡ್ಡ ಕಾಯಿಲೆ. ಸಂತೆ, ಸಿನಿಮಾ, ಮದುವೆಮನೆ ಯಾವುದೂ ಇಲ್ಲ.

"ನಾಯಿ ಬೇಡ, ಬೆಕ್ಕು ಬೇಡ, ಪಾರಿವಾಳವಂತೂ ಬೇಡ್ವೇ ಬೇಡ ಅಂದ್ರು ಡಾಕ್ಟ್ರು," ಎಂದು ತಂಗಿ ಒಮ್ಮೆ ಹೇಳಿದ್ದರು. "ಮೀನಿನ ಮಾತು ಎತ್ಲಿಲ್ಲ. ಅಕ್ಕ ಮಾರನೇ ದಿನವೇ ತಂದ್ಬಿಟ್ಲು."

ತಂದ ಮೀನುಗಳೆಲ್ಲ ಒಂದೇ ತಿಂಗಳಲ್ಲಿ ಸತ್ತವಂತೆ. ಒಂದರ ಬಾಲ ಕೊಳೆಯಿತು, ಇನ್ನೊಂದರ ಬಾಯಿಯ ಸುತ್ತ ಹತ್ತಿಯಂಥದ್ದು ಬೆಳೆಯಿತು, ಮತ್ತೊಂದು ಊದಿಕೊಂಡು ಹುರುಪೆಗಳೆಲ್ಲ ಅನಾನಸ್ ಸಿಪ್ಪೆಯ ಹಾಗೆ ನಿಗುರಿದವು. ಜೀವನವಿಡೀ ವಾರ್ಡುಗಳಲ್ಲಿ ಓಡಾಡಿದ ಹೆಂಗಸಿಗೆ ಕಣ್ಣೆದುರಿಗಿದ್ದ ರೋಗಿಗಳು ಯಾಕೆ ಸತ್ತವೆಂದು ತಿಳಿಯದೇ ಹೋದದ್ದು ತಡೆಯಲಾಗಲಿಲ್ಲ. ಪುಸ್ತಕ ತರಿಸಿಕೊಂಡರು. ಹೆಬ್ಬಾಳದ ಕಡೆ ಮೀನುಸಾಕಣೆ ಕಲಿಸುವವರೊಬ್ಬರನ್ನು ಹುಡುಕಿಕೊಂಡು ಹೋಗಿ, ಬೆಂಚಿನ ಮೇಲೆ ಕಾದು ಕೂತು, ಕೇಳಿ ಕೇಳಿ ತಿಳಿದುಕೊಂಡರು. ಮತ್ತೆ ಮೀನು ತಂದರು. ಅವೂ ಕೆಲವು ಸತ್ತವು. ಮತ್ತೆ ತಂದರು.

ನಾನು ನೋಡುವ ಹೊತ್ತಿಗೆ ಅವರ ಮುಂದಿನ ಕೋಣೆ ಪೂರಾ ವಾರ್ಡಾಗಿತ್ತು. ಗೋಡೆಯುದ್ದಕ್ಕೂ ತೊಟ್ಟಿಗಳು. ಬಾಗಿಲ ಆಚೆ ಒಂಟಿಯಾಗಿ ಇಟ್ಟ ಸಣ್ಣ ತೊಟ್ಟಿಗೆ ಐಸೋಲೇಷನ್ ಎಂದು ಹೆಸರು. ಹೊಸದಾಗಿ ಬಂದ ಮೀನು ಅಲ್ಲಿ ವಾರಗಟ್ಟಲೆ ಇದ್ದು ಪಾಸಾದರೆ ಮಾತ್ರ ಒಳಗೆ ಪ್ರವೇಶ. ಪ್ರತಿ ತೊಟ್ಟಿಗೂ ಅದರದೇ ಬಲೆ, ಬಲೆಯ ಹಿಡಿಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ. ಕೆಂಪು ದಾರದ ಬಲೆ ಹಸಿರು ದಾರದ ತೊಟ್ಟಿಗೆ ಇಳಿದರೆ ಮುಗಿಯಿತು. ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಸೋಪು, ಟವೆಲ್ಲು.

ಬೀದಿಯವರು, ಬೀದಿಯವರ ನೆಂಟರು, ನೆಂಟರ ಮಕ್ಕಳು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಕೊಂಡು ಬರುತ್ತಿದ್ದರು. ಮೀನನ್ನು ನೋಡುವ ಮೊದಲು ಸಿಸ್ಟರ್ ನೀರನ್ನು ಮೂಸುತ್ತಿದ್ದರು. "ಕಾಯಿಲೆ ಬಂದಿರೋದು ನೀರಿಗೆ. ಮೊದ್ಲು ಅದನ್ನ ವಾಸಿ ಮಾಡಿ. ಮೀನು ತಾನಾಗೇ ಅರ್ಧ ವಾಸಿಯಾಗುತ್ತೆ." ಮುಕ್ಕಾಲು ಪಾಲು ಜನಕ್ಕೆ ಇದೇ ಔಷಧಿ. ಕ್ಲೋರಿನ್ ಬೆರೆತ ಕಾವೇರಿ ನೀರನ್ನು ನಲ್ಲಿಯಿಂದ ನೇರವಾಗಿ ಹೊಯ್ಯುವವರು, ಮೀನು ಹಸಿದಿದೆಯೆಂದು ಹಿಡಿ ಹಿಡಿ ಆಹಾರ ಸುರಿಯುವವರು, ಅರಿಶಿನ ಹಾಕಿದವರು, ಒಬ್ಬರಂತೂ ದೇವಸ್ಥಾನದ ತೀರ್ಥ ಬಿಟ್ಟವರು. ತೀರ್ಥದವರನ್ನು ಅವರು ಬೈಯಲಿಲ್ಲ. "ತೀರ್ಥ ಒಳ್ಳೇದೇ. ಅದ್ರಲ್ಲಿ ಪಚ್ಚಕರ್ಪೂರ ಇದ್ಯಲ್ಲ, ಅದು ಮೀನಿಗೆ ಆಗಲ್ಲ," ಅಂದು ನೀರು ಬದಲಿಸಲು ಕಳಿಸಿದರು.

ಮತ್ತಿಕೆರೆಯ ಪೇಯಿಂಗ್ ಗೆಸ್ಟ್ ಒಂದರಿಂದ ಬರುತ್ತಿದ್ದ ಇಂಜಿನಿಯರಿಂಗ್ ಓದುವ ತರುಣನೊಬ್ಬನಿಗೆ ಆದದ್ದು ಬೇರೆ. ಗಂಟಲುನೋವಿಗೆ ಬರೆಸಿಕೊಂಡ ಆಂಟಿಬಯೋಟಿಕ್ ಮಾತ್ರೆಯಲ್ಲಿ ಉಳಿದದ್ದನ್ನು ಅವನು ತನ್ನ ಮೀನಿನ ತೊಟ್ಟಿಗೆ ಹಾಕಿದ್ದ.

"ಎಷ್ಟ್ ದಿನ ತಗೊಳ್ಳಿ ಅಂದಿದ್ರು ಡಾಕ್ಟ್ರು ನಿಂಗೆ?"

"ಐದು ದಿನ ಆಂಟಿ. ಮೂರನೇ ದಿನಕ್ಕೇ ಸರಿಹೋಯ್ತು, ನಿಲ್ಲಿಸ್ಬಿಟ್ಟೆ."

"ಮಿಕ್ಕಿದ್ದನ್ನ ಮೀನಿಗೆ ಹಾಕ್ದೆ. ಅಂದ್ರೆ ನೀನೂ ಪೂರ್ತಿ ತಗೊಳ್ಳಲಿಲ್ಲ, ಮೀನಿಗೂ ಪೂರ್ತಿ ಸಿಗ್ಲಿಲ್ಲ. ಇಬ್ಬರ ಮೈಯಲ್ಲಿರೋ ಕ್ರಿಮಿಗೂ ಟ್ರೈನಿಂಗ್ ಕೊಟ್ಟೆ. ಮೀನಿಗೆ ಗಂಟಲು ಎಲ್ಲಿದೆ, ತೋರ್ಸು ನೋಡೋಣ."

ಅವನು ನಿಜವಾಗಿಯೂ ಬಗ್ಗಿ ಹುಡುಕಿದ. ತಂಗಿ ಒಳಗಿನಿಂದ ನಕ್ಕದ್ದು ಕೇಳಿಸಿತು. ಆ ಮೀನು ಬದುಕಿತು. ಅವನು ಅವರ ಮನೆಗೆ ವಾರಕ್ಕೊಮ್ಮೆ ಬರುವವನಾದ.

ಅವರಿಗೂ ತಪ್ಪುತ್ತಿತ್ತು. ನಮ್ಮ ಬೀದಿಯ ಟೈಲರ್ ಒಬ್ಬರ ತೊಟ್ಟಿಯಲ್ಲಿ ಬಿಳಿ ಚುಕ್ಕಿಗೆಂದು ಉಪ್ಪು ಹಾಕಿಸಿದರು. ಹುರುಪೆಯಿಲ್ಲದ, ಮೀಸೆಯ ಮೀನುಗಳೂ ಅದರಲ್ಲಿದ್ದವು, ಅವಕ್ಕೆ ಅಷ್ಟು ಉಪ್ಪು ತಡೆಯಲಿಲ್ಲ. ಸತ್ತವು. ಸಿಸ್ಟರ್ ಟೈಲರ್ ಅಂಗಡಿಗೆ ಹೋಗಿ, ಗಿರಾಕಿಗಳು ನಿಂತಿದ್ದಂತೆಯೇ, "ನಿಮ್ಮ ತಪ್ಪಲ್ಲ. ನಾನು ಜಾಸ್ತಿ ಹಾಕಿಸ್ದೆ," ಎಂದರು. ಟೈಲರ್ ಹೋಗ್ಲಿ ಬಿಡಿ ಸಿಸ್ಟರ್ ಅಂದರೂ, "ಹೋಗ್ಲಿ ಬಿಡಿ ಅಂದ್ರೆ ಇನ್ನೊಂದ್ ಸಲ ಹೀಗೇ ಆಗುತ್ತೆ," ಅಂದು ಹೊರಟುಬಂದರು. ಅವತ್ತಿಂದ ಯಾವ ತೊಟ್ಟಿಯಾದರೂ ಸರಿ, ಒಳಗಿರುವ ಒಂದೊಂದು ಮೀನಿನ ಹೆಸರನ್ನೂ ಹೇಳಿಸಿಕೊಂಡ ಮೇಲೆಯೇ ಔಷಧಿಯ ಮಾತು.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಸಿಸ್ಟರ್ ಹೊಸ ಫ್ರೇಮ್ ನೋಡಲು ಬಂದಿದ್ದರು. ಕನ್ನಡಕ ಹಾಕಿಕೊಂಡು ಕನ್ನಡಿ ಹಿಡಿದ ಬಲಗೈಯ ತೋರುಬೆರಳಿನ ಗೆಣ್ಣಿನ ಮೇಲೆ ಒಂದು ಗಂಟು ಕಂಡಿತು. ಕೆಂಪು ಬೆರೆತ ನೇರಳೆ ಬಣ್ಣ. ಅದರ ಮೇಲೆ ಮಣಿಕಟ್ಟಿನ ಕಡೆಗೆ ಇನ್ನೊಂದು, ಚಿಕ್ಕದು.

"ಏನಿದು ಸಿಸ್ಟರ್?"

"ಫಿಲ್ಟರ್ ತೊಳೆಯೋವಾಗ ಗೀರಿತ್ತು. ವಾಸೀನೇ ಆಗ್ತಿಲ್ಲ ನೋಡಿ."

"ಯಾವಾಗ ಗೀರಿದ್ದು?"

ಅವರು ಕನ್ನಡಿ ಕೆಳಗಿಟ್ಟರು. ನಂತರ ಕನ್ನಡಕ ತೆಗೆದು, ತಮ್ಮ ಬೆರಳನ್ನು ಬೇರೆಯವರ ಬೆರಳು ನೋಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಮಳೆಗಾಲದಲ್ಲಿ," ಅಂದರು. "ನನ್ನ ವಾರ್ಡಿನಲ್ಲಿ ಯಾರಾದ್ರೂ ಇಷ್ಟು ದಿನ ಇಟ್ಕೊಂಡಿದ್ರೆ ಬೈದು ಕಳಿಸ್ತಿದ್ದೆ."

ಆ ಮಳೆಗಾಲದಿಂದ ಅವರ ತೊಟ್ಟಿಗಳಲ್ಲೂ ಏನೋ ಸರಿಯಿರಲಿಲ್ಲ. ಒಂದೊಂದೇ ಮೀನು ತಿನ್ನುತ್ತಿದ್ದರೂ ಸೊರಗುತ್ತಿತ್ತು. ಒಂದರ ಬೆನ್ನು ಬಾಗಿತು. ಒಂದರ ಮಗ್ಗುಲಲ್ಲಿ ಹುಣ್ಣು. ನೀರು ಬದಲಿಸಿದರು, ಬೇರ್ಪಡಿಸಿದರು, ತಮಗೆ ಗೊತ್ತಿದ್ದ ಎಲ್ಲ ಚಿಕಿತ್ಸೆ ಮಾಡಿದರು. ಯಾವುದೂ ಹತ್ತಲಿಲ್ಲ. ಈ ಎರಡನ್ನೂ, ಬೆರಳಿನ ಗಂಟನ್ನೂ ಮೀನಿನ ಬಾಗಿದ ಬೆನ್ನನ್ನೂ, ಅವರು ಕೂಡಿಸಿ ನೋಡಿದ್ದು ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತಾಗಲೇ ಎಂದು ನನ್ನ ಅನುಮಾನ. ಎದ್ದು, ಫ್ರೇಮನ್ನು ಅಲ್ಲೇ ಬಿಟ್ಟು ಹೋದರು.

ಚರ್ಮದ ಡಾಕ್ಟರ ಮುಂದೆ ಕೂತು, ಅವರು ಕೇಳುವ ಮೊದಲೇ, "ನಾನು ಮೀನು ಸಾಕ್ತೀನಿ," ಅಂದರಂತೆ. ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಷಯದ ಕ್ರಿಮಿಯ ದಾಯಾದಿಯೊಂದು ಮೀನಿನ ನೀರಿನಲ್ಲಿರುತ್ತದೆ. ಮೀನಿಗೆ ಬಂದರೆ ವಾಸಿಮಾಡುವ ಭರವಸೆಯಿಲ್ಲ, ಮನುಷ್ಯರ ಗಾಯಕ್ಕೆ ಇಳಿದರೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಅದೇ ಆಗಿತ್ತು. ಆರೋಗ್ಯವಂತರಿಗೆ ಚರ್ಮದಲ್ಲೇ ನಿಂತು ವಾಸಿಯಾಗುತ್ತದೆ ಎಂದರು ಡಾಕ್ಟರು. ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಕಿಡ್ನಿ ಹಾಕಿಸಿಕೊಂಡವರಿಗೆ ಬಂದರೆ? ಡಾಕ್ಟರು ಪೆನ್ನು ಕೆಳಗಿಟ್ಟು, "ಮನೆಯಲ್ಲಿ ಅಂಥವರಿದ್ದಾರಾ?" ಎಂದರಂತೆ.

ದಿನಾ ಬೆಳಿಗ್ಗೆ ಮೀನುಗಳಿಗೆ ಆಹಾರ ಹಾಕುತ್ತಿದ್ದುದು ತಂಗಿ. ಪಾಪಣ್ಣನೆಂದು ಅವರೇ ಹೆಸರಿಟ್ಟಿದ್ದ ದೊಡ್ಡ ಆಸ್ಕರ್ ಮೀನೊಂದಿತ್ತು, ಕಪ್ಪು ಮೈಮೇಲೆ ಕೆಂಡದ ಮಚ್ಚೆಗಳು; ಅದು ಅವರ ಬೆರಳ ತುದಿಯಿಂದಲೇ ತಿನ್ನುತ್ತಿತ್ತು.

ಮೊದಲು ತಂಗಿಯನ್ನು ಪರೀಕ್ಷೆ ಮಾಡಿಸಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಆ ಫಲಿತಾಂಶ ಬಂದ ದಿನವೇ ಸಿಸ್ಟರ್ ತೀರ್ಮಾನ ಮಾಡಿಬಿಟ್ಟಿದ್ದರು. ಸುದ್ದಿ ತಿಳಿದು, ಅವರಿಗೆ ಪರಿಚಯವಿದ್ದ ಮೀನಂಗಡಿಯವನೊಬ್ಬ ಬಂದ.

"ಸಿಸ್ಟರ್, ಕಾಯಿಲೆ ಇರೋವು ಹೋಗ್ಲಿ. ಚೆನ್ನಾಗಿರೋ ಮೀನುಗಳನ್ನ ನಾನ್ ತಗೊಂಡ್ ಹೋಗ್ತೀನಿ. ಯಾಕ್ ಸುಮ್ನೆ ಸಾಯಿಸ್ತೀರಾ?"

"ಚೆನ್ನಾಗಿ ಕಾಣ್ತಿರೋವು ಅನ್ನಿ," ಅಂದರು. "ಕಾಣೋದಕ್ಕೆ ನಾನೂ ಚೆನ್ನಾಗೇ ಇದ್ದೆ. ಬೇಡ. ಇಲ್ಲಿಂದ ಒಂದು ಹನಿ ನೀರೂ ಆಚೆ ಹೋಗಲ್ಲ."

ಪಕ್ಕದ ಮನೆಯವರು ಸ್ಯಾಂಕಿ ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ ಅಂದರು. ಸಿಸ್ಟರ್ ಬಾಗಿಲು ಹಾಕಿಕೊಂಡರು.

ಅದು ಭಾನುವಾರ. ಸಹಾಯಕ್ಕೆ ನನ್ನನ್ನು ಕರೆದಿದ್ದರು. ಇಬ್ಬರೂ ಮೊಣಕೈವರೆಗಿನ ಗ್ಲೌಸ್ ಹಾಕಿಕೊಂಡೆವು. ಬಕೆಟ್ಟಿನ ನೀರಿಗೆ ಲವಂಗದ ಎಣ್ಣೆ ಕದಡಿದ್ದರು. ಅದರಲ್ಲಿ ಮೀನು ಮೊದಲು ಮಂಪರಾಗುತ್ತದೆ, ಆಮೇಲೆ ನಿದ್ದೆ, ಆಮೇಲೆ ಏಳುವುದಿಲ್ಲ. ಮನೆಯೆಲ್ಲ ಪಲಾವಿನ ಮನೆಯ ಹಾಗೆ ಲವಂಗದ ಘಮ. ಸಿಸ್ಟರ್ ಒಂದೊಂದನ್ನೇ ಬಲೆಯಲ್ಲಿ ಎತ್ತಿ ಬಿಡುತ್ತಿದ್ದರು. ಮಧ್ಯದಲ್ಲಿ ನಿಲ್ಲಿಸಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಪ್ರತಿ ಮೀನೂ ಕಿವಿರು ಆಡಿಸುವುದು ಪೂರ್ತಿ ನಿಂತಿತೇ ಎಂದು ಬಗ್ಗಿ ನೋಡಿ, ಇನ್ನೂ ಕಾದು, ಮುಂದಿನದಕ್ಕೆ ಹೋಗುತ್ತಿದ್ದರು.

ಪಾಪಣ್ಣನ ಸರದಿ ಕೊನೆಗೆ ಬಂತು. ಒಳಕೋಣೆಯಲ್ಲಿರು ಎಂದಿದ್ದರೂ ತಂಗಿ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಅಕ್ಕ, ಪಾಪಣ್ಣಂಗೆ ಏನೂ ಆಗಿಲ್ಲ ಕಣೆ. ಬೆಳಿಗ್ಗೆ ಎಷ್ಟು ಚೆನ್ನಾಗಿ ತಿಂದ ನೋಡು."

"ನೋಡ್ದೆ."

"ಮತ್ತೆ?"

"ಅವನಿಗೆ ಆಗಿಲ್ಲ ಅಂತ ನನಗೆ ಖಾತ್ರಿ ಇಲ್ಲ. ನಿನಗೆ ಆಗ್ಬಾರ್ದು ಅನ್ನೋದು ಖಾತ್ರಿ."

ತಂಗಿ ಇನ್ನೇನೋ ಹೇಳಲು ಹೋಗಿ, ನನ್ನ ಕಡೆ ತಿರುಗಿದರು. "ಇವಳದೇ ಕಿಡ್ನಿ ಅಣ್ಣ ನನ್ನ ಹೊಟ್ಟೇಲಿರೋದು. ಇವಳ ಜೊತೆ ಹೇಗೆ ವಾದ ಮಾಡ್ಲಿ ಹೇಳಿ?"

ನನಗೆ ಅದುವರೆಗೆ ಗೊತ್ತಿರಲಿಲ್ಲ. ಸಿಸ್ಟರ್ ಆ ಮಾತು ಕಿವಿಗೇ ಬೀಳದವರಂತೆ ದೊಡ್ಡ ಬಲೆಯನ್ನು ಎತ್ತಿಕೊಂಡರು. ಪಾಪಣ್ಣ ತಾನಾಗಿಯೇ ಬಲೆಯೊಳಗೆ ಬಂದ. ಯಾವಾಗಲೂ ನೀರಿನ ಮೇಲೆ ಕೈ ಬಂದರೆ ತಿನಿಸು ಬರುತ್ತಿತ್ತಲ್ಲ.

ನುಗ್ಗೆಮರದಿಂದ ದೂರದಲ್ಲಿ ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿದೆವು. ಗಿಡ, ಮರಳು, ಬಲೆ, ಫಿಲ್ಟರ್ ಎಲ್ಲ ಎಸೆಯಲು ಕಟ್ಟಿಟ್ಟದ್ದಾಯಿತು. ತೊಟ್ಟಿಗಳ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ದಿನವಿಡೀ ಬಿಟ್ಟ ಮೇಲೆ ಚರಂಡಿಗೆ ಹರಿಸಿದರು. ಖಾಲಿ ತೊಟ್ಟಿಗಳನ್ನು ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಅಂಗಳದ ಬಿಸಿಲಿಗೆ ಬೋರಲು ಹಾಕಿದರು.

ನಾನು ಎಲ್ಲ ಮುಗಿಯಿತು ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಸಿಸ್ಟರ್ ಅಂಗಡಿಗೆ ಬಂದು ನನ್ನ ತೊಟ್ಟಿಯ ಮುಂದೆ ನಿಂತರು.

"ಇದ್ರಲ್ಲಿರೋ ಎರಡು ಗುರಾಮಿ ಮೀನು ನಾನ್ ಕೊಟ್ಟಿದ್ದು. ಯುಗಾದಿ ಆದ್ಮೇಲೆ."

"ಹೌದು."

"ಹಾಗಾದ್ರೆ ನಿಮ್ಮ ತೊಟ್ಟಿಗೂ ಬಂದಿರಬಹುದು."

ಇವನ್ನೂ ಸಾಯಿಸಬೇಕಾ ಎಂದು ಕೇಳಿದೆ. ನಾನು ಸಾಯಿಸುವುದಿಲ್ಲ ಎಂದೂ ಅದರ ಜೊತೆಗೇ ಹೇಳಿದೆ.

"ಸಾಯಿಸಿ ಅಂತ ನಾನ್ ಹೇಳಲ್ಲ. ನಿಮ್ಮನೇಲಿ ನನ್ನ ತಂಗಿ ಥರದೋರು ಇಲ್ಲ. ಗ್ಲೌಸ್ ಇಲ್ದೆ ಕೈ ಹಾಕ್ಬೇಡಿ. ಮಕ್ಕಳು ಮುಟ್ಟದ ಹಾಗೆ ಮುಚ್ಚಳಕ್ಕೆ ಚಿಲ್ಕ ಹಾಕ್ಸಿ. ಯಾರಿಗೂ ಒಂದು ಮೀನೂ ಕೊಡ್ಬೇಡಿ, ಒಂದು ಗಿಡಾನೂ ಕೊಡ್ಬೇಡಿ. ಯಾವ್ದಾದ್ರೂ ಸೊರಗಿದ್ರೆ ನನಗೆ ಹೇಳಿ. ಆಯ್ತಾ? ಇನ್ನೂ ಸುಮಾರು ಮನೆಗೆ ಹೋಗ್ಬೇಕು ನಾನು."

"ಯಾವ ಮನೆಗೆ?"

"ಯಾರ್ಯಾರಿಗೆ ಕೊಟ್ಟಿದೀನೋ ಅವರೆಲ್ಲರ ಮನೆಗೆ. ಆಸ್ಪತ್ರೇಲಿ ಒಂದು ಕೇಸ್ ಬಂದ್ರೆ ಜೊತೇಲಿದ್ದೋರನ್ನೆಲ್ಲ ಹುಡುಕ್ತಿದ್ವಿ. ಇದೂ ಹಾಗೇನೇ."

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಸ್ಕೂಟರಿನಲ್ಲಿ ನಾನೇ ಕರೆದೊಯ್ದೆ. ಬಲಗೈಗೆ ಪಟ್ಟಿ ಕಟ್ಟಿತ್ತು. ಎಡಗೈಯಲ್ಲಿ ಹಿಂದಿನ ಸೀಟಿನ ಹಿಡಿಯನ್ನು ಹಿಡಿದು ಕೂರುತ್ತಿದ್ದರು. ಮತ್ತಿಕೆರೆಯ ಆ ತರುಣ ಮಾತು ಪೂರ್ತಿ ಕೇಳಿ, ಅಲ್ಲೇ ತನ್ನ ಕೈಯ ಎರಡೂ ಕಡೆ ತೋರಿಸಿದ. ಅಕ್ಕಿಪೇಟೆಯಲ್ಲಿ ಸಗಟು ವ್ಯಾಪಾರಿಯೊಬ್ಬರ ಮನೆ. ಆ ಮನೆಯ ಸೊಸೆ ಗಾಬರಿಯಾಗಿ ಮಗುವನ್ನು ಎತ್ತಿಕೊಂಡುಬಿಟ್ಟರು. ಸಿಸ್ಟರ್ ಅವರೆದುರು ಕೂತು, ಕಾಫಿ ಕುಡಿದು, ಹೆದರಬೇಕಾದದ್ದು ಯಾವುದು ಹೆದರಬೇಕಿಲ್ಲದ್ದು ಯಾವುದು ಎಂದು ಬಿಡಿಸಿ ಹೇಳಿ, ಮಗು ಮತ್ತೆ ನೆಲಕ್ಕಿಳಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಎಲ್ಲರೂ ಹಾಗಿರಲಿಲ್ಲ. ಮಲ್ಲೇಶ್ವರದಲ್ಲೇ ಒಂದು ದೊಡ್ಡ ಮನೆ. ಯಜಮಾನರು ಗೇಟಿನಲ್ಲೇ ನಿಲ್ಲಿಸಿ ಮಾತಾಡಿದರು.

"ಅಂದ್ರೆ ನಿಮ್ಮನೆ ಕಾಯಿಲೇನ ನಮ್ಮನೆಗೆ ತಂದ್ ಬಿಟ್ಟಿದ್ದೀರಾ?"

"ಹೌದು," ಅಂದರು ಸಿಸ್ಟರ್. "ಬಂದಿರಬಹುದು. ಅದಕ್ಕೇ ಹೇಳೋಕ್ ಬಂದಿದೀನಿ. ಕೈಯಲ್ಲಿ ಗಾಯ ಇದ್ದಾಗ ನೀರಿಗೆ…"

ಒಳಗಿನಿಂದ ಅವರ ಹೆಂಡತಿ ಬಂದರು. "ನಾನ್ ಅವತ್ತೇ ಹೇಳ್ದೆ ಇವ್ರಿಗೆ. ಅಂಥೋರ ಮನೆಯಿಂದೆಲ್ಲ ಏನೂ ತರ್ಬೇಡಿ, ನಮಗೆ ಆಗಿಬರಲ್ಲ ಅಂತ. ಎಲ್ಲಿ ಕೇಳ್ತಾರೆ! ಎಲ್ಲಿಂದ ಬಂದೋರು, ಯಾವ ಜನ, ಏನೂ ವಿಚಾರಿಸಲ್ಲ…" ಅವರು ಮುಂದೂ ಹೇಳಿದರು. ಇಲ್ಲಿ ಬರೆಯಬೇಕಾಗಿಲ್ಲ. ಯಜಮಾನರು ಹೆಂಡತಿಯನ್ನು ತಡೆಯಲಿಲ್ಲ. ನಾನು ಸ್ಕೂಟರ್ ಸ್ಟ್ಯಾಂಡ್ ಹಾಕಿ ಮುಂದೆ ಬಂದೆ. ಸಿಸ್ಟರ್ ನನ್ನ ಕಡೆ ನೋಡದೆಯೇ ಎಡಗೈ ಎತ್ತಿ ನಿಲ್ಲು ಎಂದು ಸನ್ನೆ ಮಾಡಿದರು. ಬಾಯಿ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಹಳಿಯ ಮೇಲೆ ಉದ್ದನೆಯ ಗೂಡ್ಸ್ ಗಾಡಿ ಹೋಗುತ್ತಿದೆಯೇನೋ ಎನ್ನುವಂತೆ ಕಾದರು. ಆ ಹೆಂಗಸಿನ ಮಾತು ಮುಗಿಯಿತು.

"…ಕೈ ಹಾಕ್ಬೇಡಿ," ಅಂದರು ಸಿಸ್ಟರ್. "ಗೆಣ್ಣಿನ ಮೇಲೆ ಗಂಟು ಕಂಡ್ರೆ ಡಾಕ್ಟ್ರಿಗೆ ಮೀನಿದೆ ಅಂತ ಮೊದ್ಲೇ ಹೇಳಿ. ಹೇಳ್ದೇ ಇದ್ರೆ ಅವರಿಗೂ ಬೇಗ ತಿಳಿಯಲ್ಲ. ನನಗೇ ತಿಳೀಲಿಲ್ಲ."

ಗೇಟು ಮುಚ್ಚಿಕೊಂಡಿತು. ಸ್ಕೂಟರಿನಲ್ಲಿ ಕೂತ ಮೇಲೆ ನಾನು, "ಇಂಥೋರಿಗೆಲ್ಲ ಯಾಕೆ ಹೇಳ್ಬೇಕಿತ್ತು ಸಿಸ್ಟರ್?" ಎಂದೆ.

ಮಾರ್ಗೋಸ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ, "ಮುಂದಿನ ಮನೆಗೆ ಎಡಕ್ಕೆ ತಗೊಳ್ಳಿ," ಅಂದರು. ದನಿ ಗಟ್ಟಿಯಾಗಿಯೇ ಇತ್ತು. ಉಳಿದ ಮನೆಗಳೆಲ್ಲಕ್ಕೂ ಹೋದೆವು.

ಆಮೇಲೆ ಯಾರೂ ಅವರ ಮನೆಗೆ ಮೀನು ತರಲಿಲ್ಲ. ಮಾತ್ರೆಗಳು ಹೊಟ್ಟೆಯನ್ನು ಹಿಂಡುತ್ತಿದ್ದವು. ಒಂದು ಹೊತ್ತಿನ ಡೋಸನ್ನೂ ತಪ್ಪಿಸಲಿಲ್ಲ. ಗಂಟುಗಳು ನಿಧಾನವಾಗಿ ಚಪ್ಪಟೆಯಾಗಿ ಕಲೆಯಾದವು, ತೋರುಬೆರಳು ಮಾತ್ರ ಪೂರ್ತಿ ಮಡಿಸಲು ಬಾರದಾಯಿತು. ಖಾಲಿ ಕೋಣೆಯಲ್ಲಿ ತಂಗಿ ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ನಾನಿದ್ದಾಗಲೇ, "ಅಕ್ಕ, ಈ ಗೋಡೆ ನೋಡಿ ನೋಡಿ ಸಾಕಾಯ್ತು ನನಗೆ," ಅಂದರು. ಸಿಸ್ಟರ ಮಾತ್ರೆ ಮುಗಿದು, ಇಬ್ಬರ ಡಾಕ್ಟರೂ ಒಪ್ಪಿ, ತಂಗಿ ನೀರಿಗೆ ಎಂದೂ ಕೈ ಹಾಕತಕ್ಕದ್ದಲ್ಲ ಎಂಬ ಷರತ್ತಿನ ಮೇಲೆ ಒಂದು ತೊಟ್ಟಿ ಒಳಗೆ ಬಂತು. ಹೊಸ ಮರಳು, ಹೊಸ ಬಲೆ, ಐಸೋಲೇಷನ್ನಿನಲ್ಲಿ ಮೊದಲಿಗಿಂತ ಎರಡರಷ್ಟು ಕಾಲ ಕಾಯಿಸಿದ ಪುಟ್ಟ ಪುಟ್ಟ ಮೀನುಗಳು. ಸಿಸ್ಟರ್ ಮಡಿಯದ ಬೆರಳಿಗೆ ಗ್ಲೌಸ್ ತೊಡಿಸಲು ಒದ್ದಾಡುವಾಗ ಯಾರಾದರೂ ಸಹಾಯಕ್ಕೆ ಹೋದರೆ ಬೈಯುತ್ತಿದ್ದರು. ಜನರೂ ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದರು.

ಈ ವರ್ಷ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಕಾಫಿಗೆ ಹಾಲಿಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತ ಸಿಸ್ಟರ್ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಓಕಳಿಪುರಂನಿಂದ ಬಂಧುಗಳು ಬಂದರು, ಬೌದ್ಧ ಭಿಕ್ಷು ಭಂತೇಜಿ ಬಂದು ಬುದ್ಧವಂದನೆ ಹೇಳಿಸಿದರು, ಆಸ್ಪತ್ರೆಯ ಹಳೆಯ ಸಹೋದ್ಯೋಗಿಗಳು ಅವರ ಶಿಸ್ತಿನ ಬಗ್ಗೆ ಮಾತಾಡಿದರು. ಮೀನಿನ ಮಾತು ಯಾರೂ ಎತ್ತಲಿಲ್ಲ.

ಬಂಧುಗಳೆಲ್ಲ ಹೊರಟ ಮೇಲೆ ತಂಗಿ ನನ್ನನ್ನು ಕರೆಸಿದರು. ಆ ಗದ್ದಲದಲ್ಲಿ ಯಾರೋ ಫೋನ್ ಚಾರ್ಜ್ ಮಾಡಲು ತೊಟ್ಟಿಯ ಹೀಟರಿನ ಪ್ಲಗ್ ಕಿತ್ತಿದ್ದರು; ಮತ್ತೆ ಹಾಕಿರಲಿಲ್ಲ. ನೀರು ಹಿಮದಂತಿತ್ತು. ಮೀನುಗಳೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿ ರೆಕ್ಕೆ ಮುದುರಿ ನಿಂತಿದ್ದವು. ಮೈತುಂಬ ಬಿಳಿ ಚುಕ್ಕಿ.

ನನ್ನಿಂದ ನೋಡಲಾಗಲಿಲ್ಲ. "ಅಮ್ಮ, ನಿಮ್ಮ ಆರೋಗ್ಯಕ್ಕೆ ಇದೆಲ್ಲ ಯಾಕೆ? ಗೊತ್ತಿರೋ ಅಂಗಡಿಯವರಿಗೆ ಹೇಳ್ತೀನಿ, ಬಂದು ತಗೊಂಡ್ ಹೋಗ್ತಾರೆ. ಸಿಸ್ಟರ್ ಇದ್ದಿದ್ರೂ ನಿಮ್ಮ ಆರೋಗ್ಯಾನೇ ಮೊದ್ಲು ನೋಡ್ತಿದ್ರು," ಎಂದೆ.

ಅವರು ಅಕ್ಕನಷ್ಟು ಎತ್ತರವಿಲ್ಲ. ತೆಳು ಮೈ, ಮಾತ್ರೆಗಳಿಂದ ದುಂಡಗಾದ ಮುಖ. ಅಷ್ಟು ದಿನವೂ ಅವರನ್ನು ನಾನು ನೋಡಿದ್ದು ಒಳಬಾಗಿಲ ಹೊಸ್ತಿಲಿನಲ್ಲಿ ನಿಂತಂತೆಯೇ. ಈಗ ಕುರ್ಚಿಯೊಂದನ್ನು ತಾವೇ ಎಳೆದುಕೊಂಡು ಬಂದು, ತೊಟ್ಟಿಯಿಂದ ಕೈಯಳತೆಯಷ್ಟು ದೂರ ಹಾಕಿಕೊಂಡು ಕೂತರು.

"ಅಕ್ಕ ಇದ್ದಿದ್ರೆ ಏನ್ ಮಾಡ್ತಿದ್ಲು ಅಂತ ಹೇಳ್ಬೇಡಿ ಅಣ್ಣ. ಅಕ್ಕ ಇಲ್ಲ. ಈಗ ನಾನು ಏನ್ ಮಾಡ್ಬೇಕು, ಅದನ್ನ ನೋಡೋಣ. ಮೊದ್ಲು ಬಿಸಿ ಏರಿಸ್ಬೇಕು. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ. ನೀವು ಗ್ಲೌಸ್ ಹಾಕ್ಕೊಳ್ಳಿ. ಉಪ್ಪು ಅಡುಗೆಮನೆ ಮೇಲಿನ ಹಲಗೇಲಿದೆ. ಇದ್ರಲ್ಲಿ ಮೀಸೆ ಮೀನು ಯಾವ್ದೂ ಇಲ್ಲ, ನನಗೆ ಗೊತ್ತು, ಹಾಕಬಹುದು."

ನಾನು ಗ್ಲೌಸ್ ಹಾಕಿಕೊಂಡೆ. ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಎರಡು ಸಲ ನನ್ನ ಕೆಲಸ ಸರಿಯಿಲ್ಲವೆಂದು ಮತ್ತೆ ಮಾಡಿಸಿದರು. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹೋಗಿ ಬಂದೆ. ಮೊದಲ ದಿನಗಳಲ್ಲಿ ಮೂರು ಮೀನು ಸತ್ತವು. ಅವನ್ನು ಎತ್ತಿ ಹಾಕುವಾಗ ನನ್ನ ಮುಖ ನೋಡಿ, "ಉಳಿದೋವು ಇನ್ನೂ ಇವೆ, ನೀರು ಬದಲಾಯಿಸಿ," ಎಂದರು. ಉಳಿದವುಗಳ ಮೈ ತಿಳಿಯಾಗುತ್ತ ಬಂತು. ಚುಕ್ಕಿಯೆಲ್ಲ ಹೋದ ಮೇಲೂ ಅವರು ನಿಲ್ಲಿಸು ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಮೀನುಗಳು ತೊಟ್ಟಿಯ ತುಂಬ ಹರಡಿಕೊಂಡು ಈಜುತ್ತಿದ್ದವು. ತಂಗಿ ಅವುಗಳನ್ನೇ ನೋಡುತ್ತ, ತಿಂಡಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪಿಟ್ಟು ತಿನ್ನುತ್ತಿದ್ದರು. ಅಕ್ಕ ಹೋದ ಮೇಲೆ ಅವರು ಹೊಟ್ಟೆತುಂಬ ತಿನ್ನುವುದನ್ನು ನಾನು ನೋಡಿದ್ದು ಅದೇ ಮೊದಲು.

"ಇನ್ನು ಹೀಟರ್ ಕಡಿಮೆ ಮಾಡಿ ಅಣ್ಣ," ಅಂದರು. "ವಾಸಿಯಾಯ್ತು."